ನಾಲ್ಕು ಬೆರಳು ಮೇಲೆ ನಿಂತ ಗಜ

ಬಂದೂಕಿನ ವಿಷಯದಲ್ಲಿ ನಾನು ಮೊದಲಿನಿಂದಲೂ ಪುಕ್ಕಲ. ಅದರಲ್ಲೂ ಮಿರಜ ಹತ್ತಿರದ ಮಾಲಗಾಂವದ ನಮ್ಮ ದ್ರಾಕ್ಷಿ ತೋಟದ ಠಾಸಣಿ ಬಂದೂಕೆಂದರೆ ಕೈ ಬೆವರುತ್ತಿತ್ತು. ನಳಿಗೆಯ ಬಾಯಿಂದ ಮದ್ದು ಸುರಿದು, ಕಬ್ಬಿಣದ ಗಜದಿಂದ ಜಡಿದು ತುಂಬುವ ಹಳೆಯ ಬಂದೂಕದು. ನಳಿಗೆಯ ಬುಡಕ್ಕೆ ತುಕ್ಕು ಹಿಡಿದಿತ್ತು. ಹಕ್ಕಿ ಓಡಿಸಿ ಬೆಳೆ ಕಾಯಲು ಅದರ ಲೈಸೆನ್ಸು ನನ್ನ ಕಾಕಾ, ಅಂದರೆ ಚಿಕ್ಕಪ್ಪನ ಹೆಸರಿನಲ್ಲಿತ್ತು. ಅವರ ಕೈ ನಡುಗತೊಡಗಿದ ಮೇಲೆ ನನ್ನ ಹೆಸರನ್ನೂ ಸೇರಿಸಿದರು. ತುಂಬುವುದು ನಾನು, ಹಾರಿಸುವುದು ಅವರು.

ನಮ್ಮದು ಜೈನರ ಮನೆ. ರಾತ್ರಿ ಊಟವಿಲ್ಲ, ಸೋಸದೆ ನೀರು ಕುಡಿಯುವುದಿಲ್ಲ. ಇಂಥವರಿಗೆ ಬಂದೂಕು ಬೇರೆ ಕೇಡು ಎಂದು ಮಿರಜದ ಗೆಳೆಯರು ನಗುತ್ತಿದ್ದರು. ಆದರೆ ನಮ್ಮ ಬಂದೂಕಿನೊಳಗೆ ಸೀಸದ ಛರ್ರೆ ಗುಂಡು ಬಿದ್ದದ್ದೇ ಇಲ್ಲ. ಮದ್ದು, ಅದರ ಮೇಲೆ ಬಿಗಿಯಾಗಿ ಚಿಂದಿ ಬಟ್ಟೆ, ಅಷ್ಟೇ. "ಸಪ್ಪಳಾ ಮಾಡೂಣು, ಜೀವಾ ತಗಿಯೂದ ಬ್ಯಾಡ" ಎನ್ನುತ್ತಿದ್ದರು ಕಾಕಾ. ತುಂಬುವ ಮೊದಲು ನಳಿಗೆಯನ್ನು ಬೋರಲು ಹಿಡಿದು ತಟ್ಟಬೇಕು, ಒಳಗೆ ಇರುವೆ ಗಿರುವೆ ಇದ್ದರೆ ಹೊರಬೀಳಲಿ ಎಂದು. ಆಮೇಲೆ ಗಜ ಇಳಿಸಿ ನಳಿಗೆ ಖಾಲಿಯಿದೆಯೇ ನೋಡಬೇಕು. ತುಂಬಿ ಮುಗಿದಾಗ ಗಜಕ್ಕೆ ಕಟ್ಟಿದ ಕೆಂಪು ದಾರ ನಳಿಗೆಯ ಬಾಯಿಗೆ ಸರಿಯಾಗಿ ನಿಲ್ಲಬೇಕು. ಇಷ್ಟಾದರೂ ಕಾಕಾ ಕೂಡಲೇ ಹಾರಿಸುವವರಲ್ಲ. ಬಂದೂಕು ಎತ್ತಿ ಹಿಡಿದು ಒಂಬತ್ತು ಸಲ ಣಮೋಕಾರ ಮಂತ್ರ ಹೇಳಿ, ಆಮೇಲೆ ಕುದುರೆ ಎಳೆಯುವರು. ಇವರ ಜಪ ಮುಗಿಯುವುದರೊಳಗೆ ಹಕ್ಕಿಗಳು ಉಂಡು ಕೈ ತೊಳೆದುಕೊಂಡಿರುತ್ತವೆ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ.

ಆ ದಿನ ಬೆಳಿಗ್ಗೆ ಕಾಕಾ ತೋಟದೊಳಗಿಂದ ಕೂಗಿದರು: "ಬಂದೂಕ ತಗೊಂಡ ಬಾರೋ, ಗಿಳಿ ಬಂದಾವ!"

ಬಂದೂಕು ಶೆಡ್ಡಿನ ಗೋಡೆಗೆ ಬಾಯಿ ಕೆಳಗಾಗಿ ಒರಗಿತ್ತು. ಯಾಕೆ ಹಾಗಿದೆ ಎಂದು ಯೋಚಿಸಲಿಲ್ಲ. ರಾತ್ರಿಯೆಲ್ಲ ಕರೆಂಟಿಗೆ ಕಾದು ನೀರು ಬಿಟ್ಟು ಬಂದಿದ್ದೆ, ತಲೆ ಸಿಡಿಯುತ್ತಿತ್ತು. ತಟ್ಟಲಿಲ್ಲ, ಗಜ ಇಳಿಸಿ ನೋಡಲಿಲ್ಲ. ಮದ್ದು ಸುರಿದೆ, ಚಿಂದಿ ತುರುಕಿ ಜಡಿದೆ. ಕೆಂಪು ದಾರ ನಳಿಗೆಯ ಬಾಯಿಗಿಂತ ನಾಲ್ಕು ಬೆರಳು ಮೇಲೆ ನಿಂತಿತು. ಚಿಂದಿ ಹೆಚ್ಚಾಗಿರಬೇಕು ಎಂದುಕೊಂಡೆ. ಒಯ್ದು ಕಾಕಾ ಕೈಗೆ ಕೊಟ್ಟು, ಚಹಾ ಕುಡಿಯಲು ಶೆಡ್ಡಿಗೆ ಮರಳಿದೆ.

ಚಹಾ ಸೋಸುತ್ತಿದ್ದ ಚಿಕ್ಕಮ್ಮ, ನಮ್ಮ ಕಾಕು, ಕೇಳಿದಳು: "ಇರಿವಿ ಹೊರಗ ಬಂತೇನೋ?"

"ಯಾವ ಇರಿವಿ?"

"ನಿನ್ನಿ ಸಂಜಿಕ ನೀ ಇಲ್ಲದಾಗ ಇವರ ಮದ್ದ ತುಂಬಿದ್ರು, ಆಮ್ಯಾಲ ನಳಗ್ಯಾಗ ಇರಿವಿ ಹೋತಂತ. ಅದು ಸುಟ್ಟ ಹೋಗ್ತೈತಿ ಅಂತ ಇವರು ಹಾರಸಲಿಲ್ಲಾ. ತಾನ ಹೊರಗ ಬರಲಿ ಅಂತ ಬೋರಲ ಇಟ್ಟಿದ್ರು."

ನಿನ್ನೆಯ ಮದ್ದಿನ ಮೇಲೆ ಇವತ್ತಿನ ಮದ್ದು. ಪಕ್ಕದೂರು ಖಂಡೇರಾಜುರಿಯಲ್ಲಿ ಹೀಗೇ ನಳಿಗೆ ಸೀಳಿ ಒಬ್ಬನ ಮೂರು ಬೆರಳು ಹೋಗಿದ್ದವು; ಆ ಕೈಯನ್ನು ನಾನು ಕಂಡಿದ್ದೆ.

ಓಡಿದೆ. ಚಪ್ಪಲಿ ಕೆಸರಿನಲ್ಲಿ ಉಳಿಯಿತು. ಚಪ್ಪರದ ತಂತಿಗೆ ಹಣೆ ಬಡಿದು ಕಣ್ಣಿಗೆ ಕತ್ತಲೆ ಬಂತು. ಸಾಲಿನ ತುದಿಯಲ್ಲಿ ಕಾಕಾ ನಿಂತಿದ್ದರು, ಬಂದೂಕು ಕೆನ್ನೆಗೆ ಹತ್ತಿತ್ತು, ತುಟಿ ಅಲುಗುತ್ತಿತ್ತು. ಎಷ್ಟನೆಯದು? ಐದೇ, ಎಂಟೇ? ಇನ್ನಷ್ಟು ನಿಧಾನ ಹೇಳಲಿ ದೇವರೇ, ಮರೆತು ಮೊದಲಿನಿಂದ ಶುರು ಮಾಡಲಿ ಎಂದು ಬೇಡಿಕೊಂಡೆ. ಕೂಗಲು ಬಾಯಿ ತೆರೆದರೆ ಕನ್ನಡವೇ ಬರಲೊಲ್ಲದು. ನಿಲ್ಲಿ ಎನ್ನುವ ಬದಲು "ಥಾಂಬಾ! ಥಾಂಬಾ!" ಎಂದು ಮರಾಠಿಯಲ್ಲಿ ಅರಚಿದೆ. ಅವರ ಕಿವಿ ಮಂದ, ಗಿಳಿಗಳದ್ದು ಒಂದೇ ಗದ್ದಲ. ಬೆರಳು ಕುದುರೆಗೆ ಹೋಯಿತು. ಹಿಂದಿನಿಂದ ಹೋಗಿ ಅವರ ತೋಳಿಗೆ ಜೋತುಬಿದ್ದೆ. ಬಂದೂಕು ನೆಲಕ್ಕೆ ಬಾಗಿತು. ಹಾರಲಿಲ್ಲ.

"ಎರಡ ಸಲಾ ತುಂಬೇತ್ರಿ ಕಾಕಾ" ಎಂದೆ. ಅವರು ಮದ್ದಿಗೆ ಕಿಡಿ ತಾಕಿಸುವ ಕೇಪು ಕಿತ್ತರು. ತಮ್ಮ ಬಲಗೈಯನ್ನು ಎತ್ತಿ ಬಹಳ ಹೊತ್ತು ನೋಡಿಕೊಂಡರು. ಅದನ್ನು ಕಂಡು ನನಗೆ ಅಳು ಬಂತು.

ಮದ್ದು ಸಾಯಲೆಂದು ನಳಿಗೆಗೆ ನೀರು ಸುರಿಯಹೋದರೆ ಕೈ ಅಡ್ಡ ತಂದರು. "ನೀರ ಬ್ಯಾಡೋ. ಇರಿವಿ ಇನ್ನೂ ಒಳಗ ಇದ್ದರ?"

"ಇರಿವಿ ಉಳಸ್ರಿ, ನಾವು ಸಾಯೂಣು!" ಎಂದು ಜೀವನದಲ್ಲಿ ಮೊದಲ ಸಲ ಅವರ ಮೇಲೆ ರೇಗಿದೆ.

ಅವರು ನೀರಿನ ತಂಬಿಗೆಯನ್ನು ಬದಿಗಿಟ್ಟರು. ಗಜದ ತುದಿಯ ತಿರುಪಿನಿಂದ ಇಬ್ಬರೂ ಕೂತು ಒಂದೊಂದೇ ಚಿಂದಿ ಎಳೆದೆವು. ಮೊದಲು ನನ್ನದು, ಆಮೇಲೆ ಅವರದು. ಇರುವೆ ಸಿಗಲಿಲ್ಲ.

"ಗಜಾ ಮ್ಯಾಲ ನಿಂತಿರಬೇಕಲ್ಲೋ. ನೋಡಲಿಲ್ಲೇನ ನೀ?"

"ಇಲ್ರಿ" ಎಂದೆ.

ಮರುದಿನ ಬೆಳಿಗ್ಗೆ ಮತ್ತೆ ಗಿಳಿ ಬಂದವು. ಕಾಕಾ ಬಂದೂಕನ್ನು ನನ್ನ ಮುಂದೆ ಹಿಡಿದರು. "ನೀನ ತುಂಬು. ನನ್ನ ಕೈ ನಡಗತಾವ, ನಿನ್ನ ಮ್ಯಾಲ ನನಗ ಭರೋಸಾ ಐತಿ" ಎಂದರು.

ಗಜ ಇಳಿಸಿದೆ, ನೋಡಿದೆ. ಎತ್ತಿ ಮತ್ತೆ ಇಳಿಸಿ ಮತ್ತೆ ನೋಡಿದೆ. ನನ್ನ ಕೈ ಅವರ ಕೈಗಿಂತ ಹೆಚ್ಚು ನಡುಗುತ್ತಿತ್ತು.