ಕರಡಿಯ ಕೈ ಹಿಡಿದ ಆಂಜಿನಮ್ಮನವರು

ವೇಷ ಹಾಕಿದವರನ್ನು ಹೊಗಳಲು ನಮ್ಮಲ್ಲಿ ಮಾತಿಗೆ ಬರವಿಲ್ಲ. ಅವರ ಕೈ ಹಿಡಿದು ನಡೆಸುವವರನ್ನು ಕುರಿತು ಮಾತ್ರ ಯಾರೂ ಒಂದು ಸಾಲು ಬರೆದಂತಿಲ್ಲ. ನಂಗಲಿ ಹೆದ್ದಾರಿಯ ಪಕ್ಕದ ಉಲ್ಲಾಸವನ ಎಂಬ ಮನರಂಜನಾ ಉದ್ಯಾನದಲ್ಲಿ, ಬಾಗಿಲು ತೆರೆದ ವರ್ಷದಿಂದ ಈ ಯುಗಾದಿಯವರೆಗೆ ದುಡಿದು ನಿವೃತ್ತರಾಗುತ್ತಿರುವ ಶ್ರೀಮತಿ ಆಂಜಿನಮ್ಮನವರಿಗೆ ನೌಕರರ ಸಂಘ ಅರ್ಪಿಸುತ್ತಿರುವ ಈ ಸಂಪುಟದಿಂದ ಆ ಕೊರತೆ ತುಸುವಾದರೂ ನೀಗಲಿ.

ಕುರುಡುಮಲೆ ಕಡೆಯ ಹಿಪ್ಪುನೇರಳೆ ತೋಟದಿಂದ ಬಂದ ಆಂಜಿನಮ್ಮನವರನ್ನು ಆಡಳಿತ ಮಂಡಳಿ ಮೊದಲು ನೇಮಿಸಿಕೊಂಡದ್ದು ಕಸ ಗುಡಿಸಲು. ಕರಡಿ ವೇಷದ ಕದಿರಪ್ಪನವರು ಒಂದು ದಿನ ಮೆಟ್ಟಿಲು ಕಾಣದೆ ಮುಗ್ಗರಿಸಿದಾಗ ಇವರು ಪೊರಕೆ ಬಿಸಾಡಿ ಓಡಿಬಂದು ಕೈ ಹಿಡಿದರು. ಮರುದಿನದಿಂದ ಅದೇ ಅವರ ಕೆಲಸವಾಯಿತು. ಕರಡಿಯ ತಲೆಯೊಳಗಿದ್ದವರಿಗೆ ಬಾಯಿಯ ಜಾಲರಿಯಲ್ಲಿ ಕಂಡಷ್ಟೇ ಲೋಕ. ಜನರೆದುರು ಅವರು ಮಾತನಾಡುವಂತಿಲ್ಲ, ಮಕ್ಕಳಿಗೆ ಕರಡಿ ಸುಳ್ಳಾಗುತ್ತದೆ ಎಂಬುದು ಮಂಡಳಿಯ ನಿಯಮ. ಹಾಗಾಗಿ ಒಳಗಿದ್ದವರ ಕಣ್ಣೂ ಬಾಯಿಯೂ ಆಂಜಿನಮ್ಮನವರೇ ಆಗಬೇಕಾಯಿತು. ಬಾಲ ಎಳೆಯುವ ಮಕ್ಕಳನ್ನು ನಗಿಸುತ್ತಲೇ ಬಿಡಿಸುತ್ತಿದ್ದರು. ಅವರಿಗೆ ಮಕ್ಕಳಿಗಿಂತ ಅಪ್ಪಂದಿರದೇ ಹೆಚ್ಚಿನ ಕಾಟ. ಫೋಟೋದ ನೆಪದಲ್ಲಿ ಕರಡಿಯ ಹೊಟ್ಟೆಗೆ ಗುದ್ದಿದ ಮಾಲೂರಿನ ದೊಡ್ಡ ಮನುಷ್ಯರೊಬ್ಬರಿಂದ, ಹೆಂಡತಿ ಮಕ್ಕಳ ಎದುರಿಗೇ, ಕರಡಿಯ ಕ್ಷಮೆ ಕೇಳಿಸಿದ ಕೀರ್ತಿ ಇವರದು.

ಕದಿರಪ್ಪನವರು ಶ್ರೀನಿವಾಸಪುರದ ಕಡೆಯವರು. ಇಬ್ಬರ ಮನೆಮಾತೂ ತೆಲುಗು. ಆ ಮಾತಿನಲ್ಲಿ 'ಚಾಲು' ಎಂದರೆ ಸಾಕು. ದಪ್ಪ ಸ್ಪಂಜಿನ ವೇಷದೊಳಗೆ ಬೆಂದು ಸುಸ್ತಾದಾಗ ಅವರು ಜಾಲರಿಯ ಬಳಿ ಮೆಲ್ಲಗೆ "ಚಾಲು" ಅನ್ನುವರು. ಆಂಜಿನಮ್ಮನವರು ಕೂಡಲೇ ಸಾಲಿನಲ್ಲಿದ್ದವರಿಗೆ, "ಕರಡಿಗೆ ನಿದ್ದೆ ಬಂದದೆ ಕಣಪ್ಪಾ, ಮಲಗಿಸ್ಬಿಟ್ಟು ಬರ್ತೀನಿ" ಎಂದು ಹೇಳಿ ಕೋಣೆಗೆ ಕರೆದೊಯ್ದು, ತಲೆ ಕಳಚಿ, ಉಪ್ಪು ಹಾಕಿದ ಮಜ್ಜಿಗೆ ಕುಡಿಸುವರು. ಅಷ್ಟು ವರ್ಷಗಳಲ್ಲಿ ಒಂದೇ ಒಂದು ಸಲವೂ ಕದಿರಪ್ಪನವರು ಆ ಮಾತನ್ನು ಎರಡನೆಯ ಸಲ ಹೇಳಬೇಕಾಗಿ ಬರಲಿಲ್ಲ.

ಹೋದ ವರ್ಷದ ಬೇಸಿಗೆ ರಜೆಯಲ್ಲಿ ಜನ ಮುಗಿಬಿದ್ದರು. ಧಾರವಾಡದ ಕಡೆಯಿಂದ ಆಗಷ್ಟೇ ಬಂದಿದ್ದ ಮೇಲ್ವಿಚಾರಕ ಶಿವಶಂಕರ್ ಅವರು ಆಂಜಿನಮ್ಮನವರನ್ನು ಟಿಕೆಟ್ ಕಿಟಕಿಗೆ ಕಳುಹಿಸಿ, ಕರಡಿಯ ಕೈಯನ್ನು ತಾವೇ ಹಿಡಿದರು. ಕೈ ಹಿಡಿಯಲು ಏನು ಮಹಾ ವಿದ್ಯೆ ಬೇಕು ಎಂಬುದು ಅವರ ಭಾವನೆ. ಉರಿಬಿಸಿಲಲ್ಲಿ ಕದಿರಪ್ಪನವರು "ಚಾಲು ಸಾರ್" ಎಂದರು. ಶಿವಶಂಕರ್ ಅವರಿಗೆ ಬರುತ್ತಿದ್ದ ಕನ್ನಡದಲ್ಲಿ ಚಾಲು ಎಂದರೆ ನಡೆಯುತ್ತಿದೆ, ನಡೆಯಲಿ ಎಂದು. "ಭೇಷ್, ಹಂಗ ನಡೀಲಿ" ಎಂದು ಇನ್ನೊಂದು ಸಂಸಾರವನ್ನು ಕರೆದರು. ಜನರೆದುರು ಹೆಚ್ಚು ಮಾತನಾಡುವಂತಿಲ್ಲದ ಕದಿರಪ್ಪನವರು ರೂಢಿಯಾದ ಆ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದರು. ಇವರು ಮತ್ತೆ ಮತ್ತೆ ಬೆನ್ನು ತಟ್ಟಿದರು. ಕೊನೆಗೆ ಕರಡಿ ಕುಸಿದು ಬಿತ್ತು. ಆಟವೆಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕೇಳಿ ಕಿಟಕಿಯಿಂದ ಇಣುಕಿದ ಆಂಜಿನಮ್ಮನವರು ಓಡಿಬಂದು ಎಲ್ಲರೆದುರಿಗೇ ಕರಡಿಯ ತಲೆ ಕಿತ್ತೆಸೆದರು. ಕದಿರಪ್ಪನವರ ಜೀವ ಉಳಿಯಿತು. ಲಕ್ವಾ ಹೊಡೆದು ಬಲಗೈಯೂ ಮಾತೂ ಉಳಿಯಲಿಲ್ಲ.

ಅಂದು ಸಂಜೆ ಆಸ್ಪತ್ರೆಯ ಜಗಲಿಯಲ್ಲಿ ಆ ಮಾತಿನ ಅರ್ಥ ತಿಳಿದ ಶಿವಶಂಕರ್ ಅವರು ಆಂಜಿನಮ್ಮನವರ ಮುಂದೆ ಅತ್ತದ್ದು ನಿಜ. "ನನಗ ಗೊತ್ತಿರಲಿಲ್ಲರೀ ಅಮ್ಮಾ" ಎಂದರು. ಆಂಜಿನಮ್ಮನವರು ನಂಬಿದರು. ಗೊತ್ತಿಲ್ಲದ್ದು ಯಾರಿಗೂ ಆಗಬಹುದಾದ ತಪ್ಪು.

ಆದರೆ ವಿಚಾರಣೆಯ ದಿನ ಆ ಕಣ್ಣೀರು ಎಲ್ಲಿಗೆ ಹೋಗಿತ್ತೋ ಕಾಣೆವು. "ಚಾಲು ಅಂದ್ರೆ ಸಾಕು ಅಂತ ಸಾರ್. ಬಿಟ್ಬಿಡಿ ಅಂತ ಬೇಡ್ಕೊಂಡವ್ನೆ ಕದಿರಪ್ಪ" ಎಂದು ಆಂಜಿನಮ್ಮನವರು ಮಂಡಳಿಯ ಮುಂದೆ ಹೇಳಿದರು. ಉದ್ಯಾನದ ವ್ಯವಹಾರ ಭಾಷೆ ಕನ್ನಡ, ಕನ್ನಡದಲ್ಲಿ ಆ ಪದಕ್ಕೆ ಮುಂದುವರಿಯಲಿ ಎಂದೇ ಅರ್ಥ, ಆದ್ದರಿಂದ ಕದಿರಪ್ಪನವರು ಸ್ವಂತ ಇಚ್ಛೆಯಿಂದಲೇ ಮುಂದುವರಿದರು ಎಂದು ಮಂಡಳಿ ತೀರ್ಮಾನಿಸಿತು. ಕನ್ನಡಾಭಿಮಾನ ಇಷ್ಟು ಅನುಕೂಲಕ್ಕೆ ಬಂದದ್ದನ್ನು ನಾವು ಬೇರೆಲ್ಲೂ ಕಂಡಿಲ್ಲ. ಶಿವಶಂಕರ್ ಅವರು ಅದರ ಕೆಳಗೆ ಸಹಿ ಹಾಕಿದರು. ಈಗ ಅವರು ವ್ಯವಸ್ಥಾಪಕರು. ತಾನು ಹಟಕ್ಕೆ ನಿಂತು ಬಿದ್ದವನಲ್ಲ, ಸಾಕು ಎಂದು ಬೇಡಿಕೊಂಡೇ ಬಿದ್ದವನು ಎಂದು ಹೇಳಿಕೊಳ್ಳಲು ಕದಿರಪ್ಪನವರಿಗೆ ನಾಲಗೆ ಹೊರಳುವುದಿಲ್ಲ.

ಬೀಳ್ಕೊಡುಗೆಯ ದಿನ ಶಾಲು ಹೊದಿಸುತ್ತೇವೆಂದು ಮಂಡಳಿ ತಾನಾಗಿಯೇ ಹೇಳಿ ಕಳುಹಿಸಿತು. ಆಂಜಿನಮ್ಮನವರ ಉತ್ತರ ಹೀಗಿತ್ತು: "ಶಾಲು ಆಮೇಲೆ. ಕದಿರಪ್ಪನ್ನ ಮುಂದ್ಗಡೆ ಕೂರಿಸಿ, ಅವ್ನು ಸಾಕು ಅಂದಿದ್ದ ಅಂತ ಶಿವಶಂಕರ್ ಸಾರ್ ಮೊದ್ಲು ಮೈಕಲ್ಲಿ ಹೇಳ್ಲಿ." ಈ ಪುಟ ಅಚ್ಚಿಗೆ ಹೋಗುವವರೆಗೆ ಅದಕ್ಕೆ ಮರುಮಾತು ಬಂದಿಲ್ಲ.

ನಿವೃತ್ತರಾಗುವವರಿಗೆ ಆಯುಸ್ಸು ಕೋರುವುದು ವಾಡಿಕೆ. ಆಂಜಿನಮ್ಮನವರು ಆ ಒಂದು ಮಾತನ್ನು ಕಿವಿಯಾರೆ ಕೇಳುವವರೆಗೆ ಗಟ್ಟಿಯಾಗಿ ಬಾಳಲಿ. ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳಲು ಕದಿರಪ್ಪನವರೂ ಇರಲಿ. ಹೇಳುವುದಕ್ಕೆ ಶಿವಶಂಕರ್ ಅವರಿಗೂ ಅಷ್ಟೇ ಆಯುಸ್ಸಿರಲಿ.