ಕರೆಯುವವರೆಗೂ ಹೊರಗೆ ಕೂತವರು

ಭಾನುವಾರ, ಮಾರ್ಚ್ ಒಂಬತ್ತು. ಬೆಳಿಗ್ಗೆ ಆರೂಕಾಲಕ್ಕೆ ಹಳೆಯ ದಿನಚರಿ ತೆರೆದಿಟ್ಟುಕೊಂಡು ಪತ್ರಿಕೆಗೆ ಬರೆಯಲು ಕೂತೆ.

ನಮ್ಮ ಮೇಡಂ ತೊಡುತ್ತಿದ್ದ ಬಿಳಿ ಕೋಟಿನ ಹಿಂಭಾಗದಲ್ಲಿ ಸದಾ ಒಂದು ಕೆಮ್ಮಣ್ಣಿನ ಗುರುತು ಇರುತ್ತಿತ್ತು. ಎಷ್ಟು ಒಗೆದರೂ ಪೂರ್ತಿ ಹೋಗುತ್ತಿರಲಿಲ್ಲ. ಮಂಡ್ಯದ ನರ್ಸಿಂಗ್ ಶಾಲೆಯಲ್ಲಿ ಅವರು ನಮಗೆ ಸಮುದಾಯ ಆರೋಗ್ಯ ಕಲಿಸುತ್ತಿದ್ದರು. ಕೊತ್ತತ್ತಿಯವರು. ಪಾಠ ಪುಸ್ತಕದ ಕನ್ನಡದಲ್ಲಿ ಶುರುವಾಗಿ ಊರಿನ ಮಾತಿನಲ್ಲಿ ಮುಗಿಯುತ್ತಿತ್ತು.

ಹಳ್ಳಿಗಳಿಗೆ ತರಬೇತಿಗೆ ಹೋದಾಗ ಅವರದು ಒಂದೇ ಕಟ್ಟಳೆ. "ಕರೆಯೋಗಂಟ ಬಾಗ್ಲು ದಾಟ್‌ಬ್ಯಾಡಿ ಕಣ್ರಮ್ಮ. ಅದು ಅವ್ರ ಮನೆ, ನಮ್ಮ ವಾರ್ಡಲ್ಲ." ಹೇಳಿ, ತಾವೇ ಮೊದಲು ಯಾವುದಾದರೂ ಮರದ ಕೆಳಗೆ ನೆಲದ ಮೇಲೆ ಕೂರುತ್ತಿದ್ದರು. ಕೋಟಿನ ಗುರುತು ಬಂದದ್ದು ಹೀಗೆ.

ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದವಳು ಮಳವಳ್ಳಿಯಾಚೆ ಕಾಡಂಚಿನ ಇರುಳಿಗ ಬುಡಕಟ್ಟಿನವರ ಕಾಲೋನಿಯವಳು. ಅಲ್ಲಿಂದ ನರ್ಸಿಂಗ್ ಓದಲು ಬಂದ ಮೊದಲ ಹುಡುಗಿ. ಅದನ್ನು ಅವಳು ತಾನಾಗಿ ಯಾರಿಗೂ ಹೇಳಿರಲಿಲ್ಲ. ಮೇಡಂಗೆ ಮಾತ್ರ ಗೊತ್ತಿತ್ತು. ಫೀಸಿಗಾಗಿ, ಜಾತಿ ಪ್ರಮಾಣಪತ್ರಕ್ಕಾಗಿ ಅವಳ ಪರವಾಗಿ ಕಚೇರಿಯಿಂದ ಕಚೇರಿಗೆ ಅಲೆದವರು ಅವರೇ.

ಎರಡನೇ ವರ್ಷ ಶಾಲೆ ನೋಡಲು ಹೊರಗಿನಿಂದ ಒಂದು ತಂಡ ಬಂತು. ಮೇಡಂ ಹೆಮ್ಮೆಯಿಂದ ಅವಳನ್ನು ಎದ್ದು ನಿಲ್ಲಿಸಿದರು. "ಇವಳು ನಮ್ಮ ಇರುಳಿಗರ ಹುಡುಗಿ ಸಾರ್. ಅವರ ಕಾಲೋನಿಗೇ ಮೊದಲನೇವಳು."

ಬಂದವರಲ್ಲೊಬ್ಬರು ನಕ್ಕು, "ಹೌದಾ! ಹಾಗಾದ್ರೆ ನಿಮ್ಮ ಕಡೆ ಹಾಡು ಒಂದು ಹೇಳಮ್ಮ" ಅಂದರು.

ಅವಳು ನೆಲ ನೋಡುತ್ತ ಎರಡು ಸಾಲು ಹಾಡಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಡಂ ಕೂಡ. ಮಾರನೆಯ ಬೆಳಿಗ್ಗೆ ಹಾಸ್ಟೆಲಿನಲ್ಲಿ ಯಾರೋ ಕೂಗಿದರು, "ಲೇ, ಇವಳ ಟ್ರಂಕೇ ಇಲ್ಲ ಕಣ್ರೇ!"

ಅವಳು ಊರಿಗೆ ಹೋಗಿಬಿಟ್ಟ ಸುದ್ದಿ ಕೇಳಿ ಮೇಡಂ ಅಂದದ್ದು ಇಷ್ಟೇ: "ಕರೀದೇನೇ ಒಳಿಕ್ಕೆ ನುಗ್‌ಬುಟ್ನಲ್ಲವ್ವಾ."

ಮುಂದಿನ ಭಾನುವಾರದಿಂದ ಅವರು ಮಳವಳ್ಳಿ ಬಸ್ಸು ಹತ್ತತೊಡಗಿದರು. ಕಾಲೋನಿಯ ಹೊಂಗೆಮರದ ಕೆಳಗೆ ಕೂತು, ಸಂಜೆಯ ಬಸ್ಸಿಗೆ ವಾಪಸು. ಹುಡುಗಿ ಹೊರಗೆ ಬರಲಿಲ್ಲ. ಮೂರನೆಯ ಸಲ ನನ್ನನ್ನೂ ಕರೆದುಕೊಂಡು ಹೋದರು. ಬಿಸಿಲು ಏರಿದ ಮೇಲೆ ಅವಳ ಅಜ್ಜಿ ಚೊಂಬಿನಲ್ಲಿ ನೀರು ತಂದಿತು.

"ಏನವ್ವಾ, ವಾರವಾರವೂ ಇಲ್ಲೇ ಕುಂತ್ಕತೀಯಲ್ಲ?"

"ಕರೀಲಿಲ್ವಲ್ಲ ಕಣವ್ವಾ."

"ಕರೀದೇ ಓದ್ರೆ?"

"ಬಸ್ಸು ಬರೋಗಂಟ ಕುಂತಿರ್ತೀನಿ. ಆಮೇಕೆ ಒಂಟೋಯ್ತೀನಿ."

"ಚೆನ್ನಾಗವ್ಳೆ ಮೇಡಮ್ಮು! ನಮ್ಮ ಕೋಳಿಗಿರೋ ಧೈರ್ಯನೂ ಇಲ್ವಲ್ಲ ನಿಂಗೆ" ಎಂದು ಅಜ್ಜಿ ನಕ್ಕು, ಗುಡಿಸಲ ಕಡೆ ತಿರುಗಿ, "ಬಾರೇ, ನಿನ್ನ ಮೇಡಮ್ಮು ಬಾಡೋಯ್ತಾವ್ಳೆ" ಎಂದು ಕೂಗಿತು.

ಅವಳು ಬಂದಳು. ಮೇಡಂ ಎದ್ದು ನಿಂತರು.

"ನಾನು ಬಾಣಂತಿ ನೋಡ್ಕೊಳ್ಳೋದು ಕಲಿಯಕ್ ಬಂದೋಳು ಮೇಡಂ. ಹಾಡಕ್ಕಲ್ಲ."

"ತಪ್ಪಾಯ್ತು ಕಣವ್ವಾ. ಕ್ಲಾಸಲ್ಲಿ ಎಲ್ರ ಮುಂದೂ ತಪ್ಪು ಒಪ್ಕತೀನಿ."

"ಬ್ಯಾಡಿ. ಮತ್ತೆ ನನ್ನೇ ಎದ್ದು ನಿಲ್ಲಿಸ್ದಂಗಾಯ್ತದೆ. ಪಾಠ ಮಾಡಿ, ಸಾಕು."

ಮೇಡಂ ಕಣ್ಣೊರೆಸಿಕೊಂಡು ತಲೆಯಾಡಿಸಿದರು. ಆಮೇಲೆಯೇ ಅಜ್ಜಿ ನಮ್ಮನ್ನು ಒಳಗೆ ಕರೆದದ್ದು.

ಸೋಮವಾರ ಅವಳು ತರಗತಿಯಲ್ಲಿದ್ದಳು. ಮೇಡಂ ಪಾಠ ಮಾಡಿದರು, ಅಷ್ಟೇ. ಮುಂದಿನ ವರ್ಷ ಮತ್ತೆ ಅತಿಥಿಗಳು ಬಂದಾಗ "ಆ ಹುಡುಗಿಯನ್ನ ಕರೆಸಿ" ಎಂದು ಮೇಲಿನವರು ಹೇಳಿದರು. ಮೇಡಂ ಕದಲಲಿಲ್ಲ. "ಅವಳು ವಾರ್ಡಿನಲ್ಲಿ ಕೆಲಸ ಕಲೀತಾ ಅವ್ಳೆ ಸಾರ್. ಬರಲ್ಲ." ಆ ವರ್ಷದ ಕೊನೆಗೆ ಅವರ ಗುತ್ತಿಗೆ ಮುಂದುವರಿಯಲಿಲ್ಲ. ಕಾರಣ ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಬೀಳ್ಕೊಡುಗೆ ಬೇಡವೆಂದು ಮಧ್ಯಾಹ್ನದ ಬಸ್ಸಿಗೇ ಊರಿಗೆ ಹೋದರು.

ಕಾಯಿಲೆ ಯಾವಾಗ ಶುರುವಾಯಿತೋ ನಮಗೆ ತಿಳಿಯಲಿಲ್ಲ. ಬೇರೆಯವರ ಬಿ.ಪಿ. ನೋಡುತ್ತಲೇ ತಮ್ಮದನ್ನು ಮರೆತವರು. ಹೋದ ಭಾನುವಾರ ಮೇಡಂ ತೀರಿಕೊಂಡ ಸುದ್ದಿ ಕೇಳಿ ಕೊತ್ತತ್ತಿಗೆ ಹೋದಾಗ ಅವರನ್ನು ಜಗುಲಿಯ ಮೇಲೆ ಮಲಗಿಸಿದ್ದರು. ನಮ್ಮ ಶಾಲೆಯವರು ನಾವು ನಾಲ್ಕೇ ಜನ.

ಸ್ವಲ್ಪ ಹೊತ್ತಿಗೆ ಅವಳು ಬಂದಳು. ಈಗ ಹಳ್ಳಿಯೊಂದರ ಆರೋಗ್ಯ ಕೇಂದ್ರದಲ್ಲಿ ಹೆರಿಗೆ ಮಾಡಿಸುವ ಸಿಸ್ಟರ್. ಡ್ಯೂಟಿಯ ಬಟ್ಟೆಯಲ್ಲೇ ಬಂದಿದ್ದಳು. ಎಲ್ಲರೂ ನುಗ್ಗಿ ಒಳಗೆ ಹೋಗುತ್ತಿದ್ದರೆ ಅವಳು ಗೇಟಿನ ಹೊರಗೆ ಬಿಸಿಲಲ್ಲಿ ನಿಂತಿದ್ದಳು. ನಾನು ಏಳುವಷ್ಟರಲ್ಲಿ ಮೇಡಂ ಅಣ್ಣ ನೋಡಿದರು.

"ಯಾರವ್ವಾ ನೀನು? ಯಾವ ಪೈಕಿ?"

"ಮೇಡಂ ಸ್ಟೂಡೆಂಟು."

"ಅಯ್ಯೋ, ಮತ್ಯಾಕೆ ಆಚೆ ನಿಂತಿದ್ದೀಯೇ? ಬಾರವ್ವಾ ಒಳಿಕ್ಕೆ."

ಆಗ ಬಂದಳು. ಪಾದದ ಬಳಿ ನೆಲದ ಮೇಲೆ ಕೂತಳು. ಅವರನ್ನು ಎತ್ತುವವರೆಗೂ ಏಳಲಿಲ್ಲ.

ನಾವು ಶಾಲೆ ಸೇರುವುದಕ್ಕೆ ಮುಂಚೆ ಮೇಡಂ ಎಷ್ಟೋ ವರ್ಷ ಮದ್ದೂರು, ಮಳವಳ್ಳಿ ಕಡೆ ತಿರುಗಿದ್ದರು. ಆ ದಿನಗಳ ಬಗ್ಗೆ ನನ್ನ ದಿನಚರಿಯಲ್ಲಿ ಏನೂ ಇಲ್ಲ. ನಿಮ್ಮ ಊರಿನ ಮರದ ಕೆಳಗೆ ಬಿಳಿ ಕೋಟಿನ ಹೆಂಗಸೊಬ್ಬರು ಕೂತಿದ್ದನ್ನು ಕಂಡವರಿದ್ದರೆ, ಅವರನ್ನು ಒಳಗೆ ಕರೆದವರಿದ್ದರೆ, ದಯವಿಟ್ಟು ಬರೆದು ತಿಳಿಸಿ. ಕರೆಯದೇ ಇದ್ದವರೂ ಬರೆಯಿರಿ.