ಊರನ್ನೆಲ್ಲ ಕರೆಯುವ ಲಗಮವ್ವ

ಮನೋಳಿಯಲ್ಲಿ ಇನ್ನೂ ರೊಟ್ಟಿ ಬಡಿಯುವ ಸದ್ದು ಎದ್ದಿಲ್ಲ. ಹೊಳೆಯಲ್ಲಿ ಮಿಂದು ಬಂದ ಲಗಮವ್ವ ಸೆರಗನ್ನು ತಲೆಗೆಳೆದುಕೊಂಡು, ಕುಂಕುಮದ ಬಟ್ಟಲು ಹಿಡಿದು ಓಣಿಗೆ ಇಳಿಯುತ್ತಾಳೆ. ಮದುವೆ, ಬಸುರಿಯ ಕುಬಸ, ಕೂಸಿನ ತೊಟ್ಟಿಲು, ಏನೇ ಇರಲಿ, ಮನೆಮನೆಗೆ ಹೋಗಿ ಕರೆಯುವವಳು ಅವಳೇ. ವಯಸ್ಸು ಐವತ್ತೆಂಟು, ಕಸುಬಿಗೆ ಮೂವತ್ತು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೂ ಇನ್ನೂರು ಮನೆಗಳ ಪಟ್ಟಿ ಅವಳ ತಲೆಯಲ್ಲಿದೆ.

ದಿನಕ್ಕೆ ಇಪ್ಪತ್ತೇ ಮನೆ. ಗಡಿಯಾರ ಹಿಡಿದು ನೋಡಿದರೆ ಒಂದೊಂದಕ್ಕೆ ಹನ್ನೆರಡು ನಿಮಿಷ. ಅದರಲ್ಲಿ ಕರೆಯುವ ಮಾತು ಒಂದೇ ನಿಮಿಷದ್ದು. ಉಳಿದದ್ದು ಹಣೆಗೆ ಕುಂಕುಮ ಹಚ್ಚುವುದು, ನೀರು ಕುಡಿಯುವುದು, ಎದುರಿನವರ ಮುಖ ನೋಡುವುದು. ಏಳುವ ಮೊದಲು ಒಂದು ಮಾತು ತಪ್ಪದು: "ನಾ ಏನ ಹೇಳಿದೆ, ಒಮ್ಮಿ ನೀ ಹೇಳವ್ವಾ."

"ಹೇಳಿದ್ರ ಮುಗೀತು ಅಂತಾರ್ರೀ ಎಲ್ಲಾರೂ," ಎಂದು ಲಗಮವ್ವ ನಗುತ್ತಾಳೆ. "ನಾ ಸೋಮವಾರ ಅಂದಿರತೇನಿ, ಆಕಿ ಚಿತ್ತ ಒಲಿಮ್ಯಾಲಿನ ಹಾಲಿನ್ಯಾಗ ಇರತೈತಿ. ನನ್ನ ಮಾತು ಆಕಿ ಬಾಯಾಗ ತಿರುಗಿ ಬಂದ್ರಷ್ಟ ಮುಟ್ಟಿತು ಅನ್ನಬೇಕು."

ಇಂದಿನ ಕೊನೆಯ ಮನೆ ರಾಚವ್ವನದು, ಎಲ್ಲಕ್ಕಿಂತ ಕಠಿಣ. ಮೂರು ವರ್ಷದ ಹಿಂದೆ ಅವಳ ಅಣ್ಣ ನಿಜಗುಣಪ್ಪ ಹಿರಿಮಗಳ ಮದುವೆಗೆ ಧಾರವಾಡದಲ್ಲಿ ಪತ್ರಿಕೆ ಅಚ್ಚು ಹಾಕಿಸಿ, ಆಳಿನ ಕೈಲಿ ಊರಿಗೆಲ್ಲ ಹಂಚಿಸಿದ. ತಂಗಿಯ ಮನೆಗೂ ಪತ್ರಿಕೆ ಬಂತು, ಕುಂಕುಮ ಬರಲಿಲ್ಲ. ರಾಚವ್ವ ಬಾಗಿಲಲ್ಲಿ ಕಾದಳು, ಅಣ್ಣ ಚಪ್ಪರದಲ್ಲಿ ಕಾದ. "ಎಲ್ಲಾ ಅಚ್ಚಾಗೇತಿ, ಮತ್ತೇನ ಹೇಳೂದು?" ಎಂದು ಅವನು. "ಬ್ಯಾಡಾದವರನ್ನ ಹಿಂಗ ಕರೀತಾರ," ಎಂದು ಇವಳು. ಅಂದಿನಿಂದ ಮಾತಿಲ್ಲ. ಅವಳ ಮೌನ ಸಿಟ್ಟೆಂದು ಅವನು, ಅವನ ಮೌನ ಸೊಕ್ಕೆಂದು ಅವಳು ತಿಳಿದು ಕುಳಿತಿದ್ದಾರೆ. ಈ ಸೋಮವಾರ ಅವನ ಕಿರಿಮಗಳ ಮದುವೆ. ಈ ಸಲ ಕರೆಯಲು ಲಗಮವ್ವನನ್ನೇ ಕಳಿಸಿದ್ದಾನೆ. ಮದುಮಗಳಿಗೆ ಅರಿಷಿಣ ಹಚ್ಚುವ ಮೊದಲ ಕೈ ಸೋದರತ್ತೆಯದು. ರಾಚವ್ವ ಬಾರದಿದ್ದರೆ ಅರಿಷಿಣದ ಬಟ್ಟಲಿಗೆ ಯಾರು ಕೈ ಹಾಕಬೇಕು?

ಲಗಮವ್ವ ಕುಂಕುಮ ಹಚ್ಚುತ್ತಾಳೆ, ಕರೆಯುತ್ತಾಳೆ. ಬುದ್ಧಿ ಹೇಳುವುದಿಲ್ಲ. ಮೊರದ ಆಚೆ ಬದಿಗೆ ಕುಳಿತು ರಾಚವ್ವನ ಜೊತೆ ಜೋಳ ಹಸನು ಮಾಡುತ್ತಾಳೆ. ಅರ್ಧ ಮೊರ ಮುಗಿದ ಮೇಲೆ ರಾಚವ್ವ ತಲೆ ಎತ್ತದೆ ಕೇಳುತ್ತಾಳೆ: "ಅಣ್ಣ ಏನರೆ ಅಂದನ?"

"ಮೊದಲಿನ ಮನಿ ನಮ್ಮ ರಾಚಿದು ಅಂದ. ನಾನ ಕಡೀಕ ಇಟ್ಟೆ. ಇಲ್ಲೆ ಭಾಳ ಹೊತ್ತ ಕುಂಡ್ರಬೇಕಾಗತೈತಿ ಅಂತ ಗೊತ್ತಿತ್ತು."

ರಾಚವ್ವ ಕಣ್ಣೊರೆಸಿಕೊಳ್ಳುತ್ತ ನಕ್ಕುಬಿಡುತ್ತಾಳೆ. "ಅಲ್ಲಬೇ, ಮದುವಿಗೆ ನಿನ್ನ ಯಾರ ಕರದಾರ?"

"ಕರಿಯುವಾಕಿನ್ನ ಯಾರ ಕರೀತಾರ? ಆಕಿಗೇನ, ಗೊತ್ತೇ ಐತಿ ಅಂತಾರ! ಮೂವತ್ತ ವರ್ಷ ಆತು, ಒಬ್ಬರರೆ ಬಂದು ನನ್ನ ಹಣಿಗೆ ಹಚ್ಚಿಲ್ಲ ನೋಡು."

ರಾಚವ್ವ ಬಟ್ಟಲನ್ನು ತನ್ನತ್ತ ಎಳೆದುಕೊಳ್ಳುತ್ತಾಳೆ. ಲಗಮವ್ವನ ಹಣೆಗೆ ಅಗಲವಾಗಿ ಕುಂಕುಮ ಹಚ್ಚುತ್ತಾಳೆ. "ನಾ ಆ ಮನಿ ಮಗಳು. ಸೋಮವಾರ ನಮ್ಮ ಮನ್ಯಾಗ ಮದುವಿ ಐತಿ, ಬಾ ಲಗಮಕ್ಕಾ." ಬಟ್ಟಲನ್ನು ಕೆಳಗಿಟ್ಟು, "ಏನ ಹೇಳಿದೆ, ಹೇಳ ನೋಡೂಣು?"

ಇನ್ನೂರು ಮನೆ ನೆನಪಿಡುವ ಲಗಮವ್ವ ತಡವರಿಸುತ್ತಾಳೆ.

"ಸೋಮವಾರ... ನಿಮ್ಮ ಮನ್ಯಾಗ ಮದುವಿ ಐತಿ." ಹಣೆಯನ್ನೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಾಳೆ. "ನನ್ನ ಕರದಾರ."